ಎಲೆಯಡಿಕೆ ತಟ್ಟೆಗೆ ಹೋದ ಬೆಳ್ಳಿ ರೂಪಾಯಿ

ಆ ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ನಾನು ಗುಬ್ಬಿಯಲ್ಲಿ, ಅಕ್ಕನ ಮನೆಯ ಅಡುಗೆಕೋಣೆಯ ಹೊಸಿಲಿನಿಂದ ಈಚೆ ನಿಂತಿದ್ದೆ. ಬಚ್ಚಲಲ್ಲಿ ಕಾಲು ತೊಳೆದು ಆಗಷ್ಟೇ ಬಂದಿದ್ದೆ, ಕೈಯಲ್ಲಿ ಟವೆಲ್ ಇತ್ತು. ಅಕ್ಕ ನನಗೆ ಬೆನ್ನು ಹಾಕಿ ಸಿಂಕಿನ ಮುಂದೆ ಏನನ್ನೋ ಉಜ್ಜುತ್ತಿದ್ದಳು. ಕಟ್ಟೆಯ ಮೇಲೆ ಹುಣಸೆಹಣ್ಣು ನೆನೆಸಿದ ಬಟ್ಟಲು, ಪಕ್ಕದಲ್ಲಿ ಒಂದು ಮೂಲೆ ಒಡೆದ ವಿಭೂತಿ ಗಟ್ಟಿ. ಅವಳು ನಲ್ಲಿ ತಿರುಗಿಸಿ, ಕೈಯಲ್ಲಿದ್ದುದನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿದಳು. ನಮ್ಮವ್ವನ ಬೆಳ್ಳಿ ರೂಪಾಯಿ! ಅಂಗಡಿಯಿಂದ ಈಗ ತಂದ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

ಟವೆಲ್ ಕೈಯಿಂದ ಜಾರಿ ಬಿತ್ತು. ನಮ್ಮ ಕಡೆಯವರು ಎಲ್ಲಿ ಸೇರಿದರೂ ಈ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿ ನಗುತ್ತಾರೆ. ಅದಕ್ಕೇ ನಾನು ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತಿದ್ದೇನೆ.

ಅವ್ವ ತೀರಿಕೊಂಡ ಮೇಲೆ ಆಕೆಯ ಟ್ರಂಕು ತುಮಕೂರಿಗೆ, ಮರಳೂರಿನ ನನ್ನ ಮನೆಗೆ ಬಂದಿತ್ತು. ಅದರ ತಳದಲ್ಲಿ ರೇಷ್ಮೆ ಚೂರಿನಲ್ಲಿ ಸುತ್ತಿಟ್ಟ ಈ ರೂಪಾಯಿ ಸಿಕ್ಕಿತು. ಕಿರೀಟ ಹಾಕಿದ ಬ್ರಿಟಿಷ್ ರಾಜ, ಅವನ ಕೊರಳ ಸರದಲ್ಲಿ ಎಳ್ಳುಕಾಳಿನಷ್ಟು ಆನೆ. ನಾಣ್ಯ ಪೂರ್ತಿ ಕಪ್ಪಾಗಿತ್ತು. ಓರೆ ಮಾಡಿ ಹಿಡಿದರೆ ಅಂಚಿನಲ್ಲಿ ಮಾತ್ರ ನವಿಲುಗರಿಯ ನೀಲಿ ಕಾಣುತ್ತಿತ್ತು.

ಕುಣಿಗಲ್ಲಿನಲ್ಲಿ ಕೆಲಸದಲ್ಲಿದ್ದಾಗ ಪರಿಚಯವಾದ ಗೆಳೆಯರೊಬ್ಬರು ಅಲ್ಲೇ ಬಸ್ ಸ್ಟ್ಯಾಂಡ್ ಹತ್ತಿರ ಫ್ಯಾನ್ಸಿ ಸ್ಟೋರ್ ಇಟ್ಟಿದ್ದಾರೆ. ಎದುರಿಗೆ ಬಳೆ, ಕ್ಲಿಪ್ಪು; ಹಿಂದಿನ ಡ್ರಾಯರಿನಲ್ಲಿ ಅವರ ನಿಜವಾದ ಪ್ರೀತಿ, ಹಳೇ ನಾಣ್ಯಗಳು. ಒಂದು ಸಂಜೆ ಅವರ ಹತ್ತಿರ ಹೋದೆ. ಅವರು ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ಲೆನ್ಸಿನಲ್ಲಿ ಬಹಳ ಹೊತ್ತು ನೋಡಿದರು.

"ಒರೆಸೋಕೆ ಹೋಗ್ಬೇಡಿ ಸಾರ್. ಈ ಕಪ್ಪೇ ಇದರ ಚಂದ. ಗ್ರೇಡಿಂಗಿಗೆ ಕಳಿಸಿದ್ರೆ ಪರೀಕ್ಷೆ ಮಾಡಿ, ಎಪ್ಪತ್ತಕ್ಕೆ ಇಷ್ಟು ಅಂತ ನಂಬರ್ ಕೊಟ್ಟು, ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿ ಕೊಡ್ತಾರೆ."

"ಮತ್ತೆ ತೆಗೆಯೋ ಹಾಗಿಲ್ವಾ?"

"ತೆಗೆದ್ರೆ ನಂಬರ್ ಹೋಯ್ತು. ಆಮೇಲೆ ಅದು ಕಣ್ಣಿಗೆ ಮಾತ್ರ, ಕೈಗಲ್ಲ. ಆದ್ರೆ ಯೋಚ್ನೆ ಮಾಡಿ. ಇಂಥವು ರಾಶಿರಾಶಿ ಅಚ್ಚಾಗಿದಾವೆ. ಒಳ್ಳೇ ನಂಬರ್ ಬಂದ್ರೆ ಫೀಸು ಕೊಟ್ಟಿದ್ದಕ್ಕೂ ಅರ್ಥ. ಕಮ್ಮಿ ಬಂದ್ರೆ ಡಬ್ಬೀನೇ ದುಬಾರಿ. ಟ್ಯೂಬ್‌ಲೈಟಲ್ಲಿ ನಂಗೆ ಪೂರ್ತಿ ಕಾಣ್ತಿಲ್ಲ. ಒಂದಿನ ಹಗಲಲ್ಲಿ ತನ್ನಿ."

ನನಗೆ ಆ ನಂಬರ್ ಬೇಕಿತ್ತು. ಮಾರುವ ಯೋಚನೆ ಇರಲಿಲ್ಲ. ಅವ್ವ ಜೋಪಾನ ಮಾಡಿದ ಒಂದು ವಸ್ತುವನ್ನು ನಮ್ಮ ಪರಿಚಯವೇ ಇಲ್ಲದವರು ನೋಡಿ, ಚೆನ್ನಾಗಿದೆ ಎಂದು ಬರೆದುಕೊಡಲಿ ಎಂಬ ಆಸೆ. ಆದರೆ ಅವ್ವನದು ಎಂದರೆ ಅಕ್ಕನದೂ ಹೌದು. ಕೇಳದೆ ಕಳಿಸುವ ಹಾಗಿರಲಿಲ್ಲ. ಅಕ್ಕನ ಮಗಳ ಕೂಸಿಗೆ ಆ ಭಾನುವಾರ ಗುಬ್ಬಿಯಲ್ಲಿ ನಾಮಕರಣವಿತ್ತು. ಅಲ್ಲೇ ಕೇಳೋಣವೆಂದು ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಮುಂದಿನದನ್ನು ನಿಧಾನವಾಗಿ ಹೇಳಬೇಕು. ಮನೆಗೆ ಹೋದ ತಕ್ಷಣ ಕಾಲು ತೊಳೆಯಲು ಹೊರಟೆ. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಎಲ್ಲ ಇತ್ತು. ಬಗ್ಗಿದಾಗ ನಾಣ್ಯಕ್ಕೆ ಅವು ತಾಗಿ ಗೀರಾದರೆ? ಮೆತ್ತಗಿನ, ಶುಭ್ರವಾದ ಜಾಗ ಹುಡುಕಿದೆ. ಹಾಲಿನಲ್ಲಿ ಒಂದು ತಟ್ಟೆಯಿತ್ತು, ಅದರ ತುಂಬ ಹಸಿ ವೀಳ್ಯದೆಲೆ. ಮೇಲಿನ ಎಲೆಯ ಮೇಲೆ ಮೆಲ್ಲಗೆ ಇಟ್ಟು ಹೋದೆ. ನಾಮಕರಣದ ದಿನ ತಾಯಿಯ ಸೋದರಮಾವ ಎಲೆಯಡಿಕೆ ತಟ್ಟೆಯಲ್ಲಿ ಬೆಳ್ಳಿ ಇಟ್ಟರೆ ಅದು ಕೂಸಿಗೆ ಕೊಟ್ಟ ಹಾಗೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆ ಕ್ಷಣಕ್ಕೆ ಹೊಳೆಯಲಿಲ್ಲ, ಅಷ್ಟೇ. ಕೂಸಿಗೆಂದು ತಂದಿದ್ದ ಬೆಳ್ಳಿ ಕಾಲ್ಗಡಗ ಬ್ಯಾಗಿನಲ್ಲೇ ಇತ್ತು. ಕಾಲು ತೊಳೆದು ಬರುವಷ್ಟರಲ್ಲಿ ಅಕ್ಕ ನಾಣ್ಯವನ್ನು ತಟ್ಟೆಯಿಂದ ಎತ್ತಿ ಸಿಂಕಿಗೆ ಒಯ್ದಿದ್ದಳು.

"ಅಕ್ಕಾ, ಏನ್ ಮಾಡ್ಬುಟ್ಟೆ!" ಅಂದೆ.

"ಯಾಕೋ ಹಂಗ್ ಕಿರುಚ್ತೀಯ? ಕೂಸು ಎದ್ದಾತು. ಕರ್ರಗಿರೋದನ್ನ ಹಂಗೇ ತಂದು ಇಟ್ಟಿದೀಯಲ್ಲ, ಬೀಗರು ಏನಂದ್ಕೊಂಡಾರು?"

"ಅದು ಕೊಡೋಕೆ ತಂದಿದ್ದಲ್ಲ ಕಣೇ. ನಿನ್ನ ಕೇಳೋಕೆ ತಂದಿದ್ದು."

"ಕೇಳೋಕೆ ತಂದಿದ್ದನ್ನ ಯಾರಾದ್ರೂ ಎಲೆ ಮೇಲೆ ಇಡ್ತಾರೇನೋ?"

ಹಾಲಿನಲ್ಲಿ ಪೇಪರ್ ಓದುತ್ತಿದ್ದ ಭಾವ ತಲೆ ಎತ್ತದೆ, "ಇಟ್ಟಿದ್ದು ನಾನೇ ನೋಡ್ದೆ," ಅಂದರು. "ಎರಡೂ ಕೈಲಿ ಇಟ್ಟ, ದೇವರಿಗೆ ಇಟ್ಟಂಗೆ."

ನಾನು ಗ್ರೇಡಿಂಗು, ನಂಬರು, ಡಬ್ಬಿ ಎಲ್ಲ ವಿವರಿಸಿದೆ. ಅಕ್ಕ ನಾಣ್ಯವನ್ನು ಸೆರಗಿನಲ್ಲಿ ಒರೆಸುತ್ತಲೇ ಕೇಳಿದಳು. ಅವಳು ಒರೆಸಿದಷ್ಟು ಸಲವೂ ನಾನು ಕಣ್ಣು ಮುಚ್ಚಿದೆ.

"ಡಬ್ಬೀಲಿ ಹಾಕಿ ಸೀಲ್ ಮಾಡ್ಬುಟ್ರೆ ಕೂಸಿಗೆ ಜೇನುತುಪ್ಪ ಯಾವುದರಲ್ಲಿ ನೆಕ್ಸೋದು? ನಿಂಗೆ ಅವ್ವ ನೆಕ್ಸಿದ್ದು ಇದರಲ್ಲೇ ಕಣೋ. ನಾನು ಪಕ್ಕದಲ್ಲೇ ಕೂತಿದ್ದೆ. ನನ್ ಮಗಳಿಗೂ ಇದರಲ್ಲೇ. ಆಮೇಲೆ ಎಲ್ಲಿ ಹೋಯ್ತೋ ಅಂತ ಎಷ್ಟು ಹುಡುಕಿದೀನಿ ಗೊತ್ತಾ?"

ಇದು ನನಗೆ ಗೊತ್ತಿರಲಿಲ್ಲ. ನಾನು ನೆಕ್ಕಿದ ರಾಜನಿಗೆ ನಾನೇ ನಂಬರ್ ಕೊಡಿಸಲು ಹೊರಟಿದ್ದೆ. ಬಿದ್ದಿದ್ದ ಟವೆಲ್ ಎತ್ತಿಕೊಂಡು ಹಾಲಿಗೆ ಬಂದೆ. ಶಾಸ್ತ್ರದ ಹೊತ್ತಿಗೆ ಅಕ್ಕ ನಾಣ್ಯದ ಅಂಚನ್ನು ಜೇನುತುಪ್ಪದಲ್ಲಿ ಅದ್ದಿ ಕೂಸಿನ ತುಟಿಗೆ ಮುಟ್ಟಿಸಿದಳು. ಕೂಸು ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಚಪ್ಪರಿಸಿತು, ಆಮೇಲೆ ಇನ್ನೂ ಬೇಕೆಂದು ಅತ್ತಿತು. ಅಕ್ಕನ ಮಗಳು, "ಮಾವಾ, ಇವ್ಳು ಎಪ್ಪತ್ತಕ್ಕೆ ಎಪ್ಪತ್ತು ಕೊಟ್ಲು ನೋಡಿ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಒಂದು ಚುಚ್ಚುವಿಕೆ ಉಳಿದೇ ಇತ್ತು. ನಿಜವಾಗಿ ಏನು ಕಳೆದುಹೋಯಿತು ಎಂದು ತಿಳಿಯಬೇಕಿತ್ತು.

ಮುಂದಿನ ವಾರ ಮಧ್ಯಾಹ್ನದ ಬಿಸಿಲಿನಲ್ಲಿ ಕುಣಿಗಲ್ಲಿಗೆ ಹೋದೆ. "ನನ್ ಮೇಲೆ ಏನ್ ದೂರು ಹೇಳ್ತೀಯೋ ನಾನೂ ಕೇಳ್ಬೇಕು," ಎಂದು ಅಕ್ಕನೂ ಹೊರಟಳು. ಗೆಳೆಯರು ನಾಣ್ಯ ನೋಡಿದ ತಕ್ಷಣ ತಲೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಅಂಗಡಿಯ ಬಾಗಿಲಿಗೆ ಬಂದು, ಬಿಸಿಲಿಗೆ ಓರೆ ಮಾಡಿ ಲೆನ್ಸ್ ಹಿಡಿದರು.

"ಹಾಳು ಮಾಡಿದ್ದು ನೀವಲ್ಲ ಬುಡಿ ಅಮ್ಮಾ," ಅಂದರು. "ಸಾರ್, ಇಲ್ಲಿ ನೋಡಿ."

ನೋಡಿದೆ. ರಾಜನ ಕೆನ್ನೆಯ ಮೇಲೆ, ಕೂದಲಿಗಿಂತ ಸಣ್ಣಗೆ, ಸುತ್ತುಸುತ್ತಾಗಿ ಗೆರೆಗಳು. ಆನೆಯ ಬೆನ್ನು ಸವೆದು ನುಣ್ಣಗಾಗಿತ್ತು.

"ಇದು ಒಂದು ಸಲ ಉಜ್ಜಿದ್ದಕ್ಕೆ ಬರೋ ಸವೆತ ಅಲ್ಲ. ಹಿಂದೆ ಯಾರೋ ತುಂಬ ಸಲ ಉಜ್ಜಿದಾರೆ. ಅದರ ಮೇಲೆ ಮತ್ತೆ ಕಪ್ಪು ಕೂತಿತ್ತು. ಆವತ್ತೇ ಕಳಿಸಿದ್ರೂ ನಂಬರ್ ಬರ್ತಿರ್ಲಿಲ್ಲ, ಉಜ್ಜಿದ ನಾಣ್ಯ ಅಂತ ಬರೆದು ಕಳಿಸೋರು. ಫೀಸು ಉಳೀತು ಅಂದ್ಕೊಳ್ಳಿ."

"ಯಾರೋ ಅಲ್ಲ, ನಮ್ಮವ್ವ," ಅಂದಳು ಅಕ್ಕ. "ಹೆಬ್ಬೆಟ್ಟಲ್ಲಿ ವಿಭೂತಿ ತಗೊಂಡು ಹಿಂಗೇ ಸುತ್ತುಸುತ್ತು ತಿಕ್ಕೋಳು." ಬಳೆಗಳ ಗಾಜಿನ ಪೆಟ್ಟಿಗೆಯ ಮೇಲೆ ಹೆಬ್ಬೆಟ್ಟು ಒತ್ತಿ ತಿರುಗಿಸಿ ತೋರಿಸಿದಳು. ನಾನು ಮತ್ತೆ ಲೆನ್ಸಿನಲ್ಲಿ ನೋಡಿದೆ. ಗೆರೆಗಳು ಹಾಗೇ ಸುತ್ತಿದ್ದವು. ಚುಚ್ಚುವಿಕೆ ಅಲ್ಲೇ ಹೋಯಿತು. ನಾಣ್ಯವನ್ನು ಅಕ್ಕನ ಕೈಗೇ ಕೊಟ್ಟೆ. ಅವಳು ಅದನ್ನು ಪರ್ಸಿಗೆ ಹಾಕಿಕೊಂಡು, ಮೊಮ್ಮಗಳಿಗೆ ಬಳೆಯ ಅಳತೆ ನೋಡಲು ಕೂತಳು.

ಇದನ್ನೆಲ್ಲ ಕಂಡವರು ಇನ್ನೂ ಇದ್ದಾರೆ, ಬೇಕಾದರೆ ಕೇಳಬಹುದು. ಕುಣಿಗಲ್ಲಿನಲ್ಲಿ ಗೆಳೆಯರಿದ್ದಾರೆ, ನಾನು ಹೋದಾಗಲೆಲ್ಲ ಒಂದು ಚೂರು ವಿಭೂತಿ ಬೇಕಾ ಎಂದು ಕೇಳುತ್ತಾರೆ. ಗುಬ್ಬಿಯಲ್ಲಿ ಅಕ್ಕ ಇದ್ದಾಳೆ, ಎರಡೂ ಕೈಲಿ ಇಟ್ಟ ಎಂದು ಈಗಲೂ ಸಾಧಿಸುವ ಭಾವ ಇದ್ದಾರೆ, ಅಕ್ಕನ ಮಗಳಿದ್ದಾಳೆ. ನಾನು ಇಟ್ಟಿದ್ದು ಒಂದೇ ಕೈಯಲ್ಲಿ. ಎಲ್ಲರಿಗಿಂತ ಹತ್ತಿರದಿಂದ ರಾಜನನ್ನು ಕಂಡವಳು ಆ ಕೂಸು. ಈಗ ಗೋಡೆ ಹಿಡಿದು ನಡೆಯುತ್ತಾಳೆ. ಮಾತು ಇನ್ನೂ ಬಂದಿಲ್ಲ.