ಮುಖವಿದ್ದ ಶಬ್ದಗಳು

ಇಬ್ರಾಹಿಂ ಮಾಸ್ಟ್ರ ಹತ್ತಿರ ಕಲಿತವರಿಗೆ ಇಂಗ್ಲಿಷ್ ಶಬ್ದಗಳಿಗೆಲ್ಲ ಒಂದೊಂದು ಮುಖ ಉಂಟು. ‘ಗ್ಯಾರುಲಸ್’ ಎಂದರೆ ನನಗೆ ಇವತ್ತಿಗೂ ವಾಚಾಳಿ ಎಂಬ ಅರ್ಥ ಮೊದಲು ಹೊಳೆಯುವುದಿಲ್ಲ. ಬಾಯಲ್ಲಿ ಸೀಟಿ ಇದ್ದರೂ ಮಾತು ನಿಲ್ಲಿಸದ, ಪಂಜ ಊರಿಗೆ ಹೋಗುವ ಬಸ್ಸಿನ ಕಂಡಕ್ಟರೇ ಕಣ್ಣೆದುರು ಬರುತ್ತಾನೆ. ‘ಫ್ರೂಗಲ್’ ಎಂದರೆ ಸವೆದ ಸಾಬೂನನ್ನು ಹೊಸತಕ್ಕೆ ಅಂಟಿಸಿ ತಿಕ್ಕುತ್ತಿದ್ದ ನನ್ನ ಅಜ್ಜಿ.

ನಿವೃತ್ತರಾದ ಮೇಲೆ ಮಾಸ್ಟ್ರು ಕಡಬ ಪೇಟೆಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಪಾಠಕ್ಕೆ ಕನ್ನಡ, ಸಿಟ್ಟಿಗೆ ಮಾತ್ರ ಇಂಗ್ಲಿಷ್. ಪ್ರವೇಶ ಪರೀಕ್ಷೆಗೆಂದು ನಾವು ದೊಡ್ಡ ದೊಡ್ಡ ಶಬ್ದಗಳನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಅವರು ಒಪ್ಪುತ್ತಿರಲಿಲ್ಲ.

“ಅರ್ಥ ಎಂತ ಅಂತ ನಾನು ಕೇಳ್ಲಿಲ್ಲ ಮಾರಾಯ. ಇದು ನಮ್ಮೂರಲ್ಲಿ ಯಾರು? ಹುಡುಕಿಕೊಂಡು ಬಾ. ಮತ್ತೆ ಇನ್ನೊಂದು ಶಬ್ದ ಕೊಡುದು.”

ಸಂಜೆ ಜೀಪಿಗೆ ಕಾಯುತ್ತ ನಾವು ಶಬ್ದಗಳಿಗೆ ಜನ ಹುಡುಕುತ್ತಿದ್ದೆವು. ‘ಆಬ್ಸ್ಟಿನೇಟ್’ ಬಂದ ದಿನ ಹುಡುಕುವ ಕೆಲಸವೇ ಇರಲಿಲ್ಲ. “ನಮ್ಮ ರೈಗಳು!” ಎಂದು ಅಶ್ವಿನಿ ಪಾಠದಲ್ಲೇ ಕೂಗಿದಳು. ರೈಗಳೆಂದರೆ ಆ ಮಹಡಿ ಕೋಣೆಯ ಕಟ್ಟಡದ ಯಜಮಾನರು. ಅವರ ಜಾಗದೊಳಗಿನಿಂದ ಕಾಲೇಜಿಗೆ ಒಳದಾರಿ ಇತ್ತು. ಆ ಗೇಟಿಗೆ ಅವರು ಬೀಗ ಜಡಿದಿದ್ದರು, ಯಾರು ಹೇಳಿದರೂ ತೆಗೆಯಲಿಲ್ಲ. ನಾವೆಲ್ಲ ನಕ್ಕೆವು. ಮಾಸ್ಟ್ರೂ ನಕ್ಕರು. ಸುದ್ದಿ ಹೇಗೋ ರೈಗಳ ಕಿವಿಗೆ ಬಿತ್ತು.

ಮರುದಿನ ಪಾಠದ ನಡುವೆಯೇ ಅವರು ಮೆಟ್ಟಿಲು ಹತ್ತಿ ಬಂದರು. “ಮಾಸ್ಟ್ರೆ, ನನಗೆ ಎಂತದೋ ಇಂಗ್ಲಿಷ್ ಹೆಸರಿಟ್ಟಿದ್ದೀರಂತೆ. ಅದರ ಅರ್ಥ ಎಂತ?”

ಪರೀಕ್ಷೆ ಎದುರಿಗಿತ್ತು. ಆ ಕೋಣೆ ಹೋದರೆ ಪಾಠವೂ ಹೋದಂತೆ; ಪೇಟೆಯಲ್ಲಿ ಬೇರೆ ಕೋಣೆ ಸಿಗುತ್ತಿರಲಿಲ್ಲ. ‘ಗಟ್ಟಿ ಮನುಷ್ಯ’ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾಸ್ಟ್ರು ಬಾಯಿ ತೆರೆದರು. ಒಮ್ಮೆ ನಮ್ಮ ಕಡೆ ನೋಡಿದರು.

“ಹಠಮಾರಿ,” ಎಂದರು.

“ಯಾರು ಹೇಳಿದ್ದು?”

“ಶಬ್ದ ಕೊಟ್ಟದ್ದು ನಾನು. ತಪ್ಪಿದ್ರೆ ತೆಗೆಯುವ. ಕೂತ್ಕೊಳ್ಳಿ.”

ರೈಗಳು ಕೂರಲಿಲ್ಲ. ಅಶ್ವಿನಿಯೇ ಎದ್ದು ನಿಂತಳು. “ಮತ್ತೆ ಗೇಟಿಗೆ ಯಾಕೆ ಬೀಗ? ನಾವು ದಿನಾ ಸುತ್ತು ಬಳಸಿ ನಡೆಯುದು.”

“ಒಳಗೆ ಹಳೆ ಕಲ್ಲಿನ ಕೋರೆ ಉಂಟು ಮಗಾ. ಮಳೆಗೆ ತುಂಬಿದೆ, ಹುಲ್ಲು ಮುಚ್ಚಿ ಹೊಂಡ ಕಾಣುದಿಲ್ಲ. ನಮ್ಮ ಕರು ಅದಕ್ಕೆ ಬಿದ್ದು ಸತ್ತಿತು. ನೀವು ಬೀಳುದು ಬೇಡ ಅಂತ.”

“ಅದನ್ನು ಹೇಳ್ಬಹುದಿತ್ತಲ್ಲ?”

“ನೀವು ಕೇಳಿದ್ರಾ?”

ಮಾಸ್ಟ್ರು ಬೋರ್ಡಿನ ಮೇಲೆ ‘ಸ್ಟೆಡ್‌ಫಾಸ್ಟ್’ ಎಂದು ಬರೆದರು. “ಈ ಶಬ್ದದವನೂ ಹಿಡಿದದ್ದು ಬಿಡುವವನಲ್ಲ. ಆದರೆ ಯಾಕೆ ಬಿಡುದಿಲ್ಲ ಅಂತ ಇವನಿಗೆ ಗೊತ್ತುಂಟು. ನಿಮ್ಮನ್ನು ಕೇಳದೆ ನಾನೂ ನಕ್ಕೆ ರೈಗಳೆ, ತಪ್ಪಾಯ್ತು.” ನಿನ್ನೆಯಿಂದ ಬೋರ್ಡಿನಲ್ಲೇ ಇದ್ದ ‘ಆಬ್ಸ್ಟಿನೇಟ್’ ಅಳಿಸಲು ಡಸ್ಟರ್ ಎತ್ತಿದರು.

“ಅದು ಇರ್ಲಿ,” ಎಂದರು ರೈಗಳು. “ನನ್ನ ಹೆಂಡತಿಯನ್ನು ಕೇಳಿದ್ರೆ ಅದೇ ಸರಿ ಅಂತಾಳೆ.”

ಕೋಣೆ ಉಳಿಯಿತು. ಅಂದಿನಿಂದ ಶಬ್ದಕ್ಕೆ ಜನ ಹುಡುಕಿದರೆ ಸಾಲದು, ಅವರನ್ನು ಮಾತಾಡಿಸಿಕೊಂಡೂ ಬರಬೇಕಾಯಿತು.

ಮಾಸ್ಟ್ರು ಈಗಿಲ್ಲ. ತೀರಿಕೊಳ್ಳುವ ಸ್ವಲ್ಪ ಮೊದಲು ಕೆದಂಬಾಡಿಯ ಅವರ ಮಗಳ ಮನೆಗೆ ಹೋಗಿದ್ದೆ. ನಾನೂ ಈಗ ಸುಳ್ಯದಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಮಕ್ಕಳೆದುರು ಎಷ್ಟೋ ಸಲ ಸುಲಭದ ಉತ್ತರ ನಾಲಗೆ ತುದಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಕೇಳಿದೆ: “ಸಾರ್, ಅವತ್ತು ಕೋಣೆ ಹೋಗ್ತಿತ್ತು. ಒಂದು ಸುಳ್ಳು ಹೇಳುವ ಅಂತ ಅನಿಸ್ಲಿಲ್ವಾ?”

ದಿಂಬಿಗೆ ಒರಗಿದ್ದ ಮಾಸ್ಟ್ರು ನಕ್ಕರು. “ಅನಿಸುದೆಂತ ಮಾರಾಯ, ಬಾಯಿ ತೆರೆದದ್ದೇ ಅದಕ್ಕೆ. ನೋಡಿದ್ರೆ ನೀವೆಲ್ಲ ಬರೆದುಕೊಳ್ಳಲಿಕ್ಕೆ ಪೆನ್ನು ಹಿಡಿದು ಕೂತಿದ್ರಿ.”