ಕೇಳದವರಿಗೂ ಸುದ್ದಿ ಮುಟ್ಟಿಸುವ ಗಿರಿಜಕ್ಕ

ಕಳೆದ ಜನವರಿಯ ಒಂದು ನಸುಕು. ಹೆಮ್ಮಾಡಿಯ ಹೆದ್ದಾರಿ ಬದಿಗೆ ಸೇವಂತಿಗೆಯ ಬುಟ್ಟಿಗಳು ಆಗಲೇ ಬಂದು ಕುಳಿತಿವೆ. ಬಸ್ ತಂಗುದಾಣದಲ್ಲಿ ಹೆಗಲಿಗೊಂದು ಚೀಲ ಹಾಕಿಕೊಂಡು ಗಿರಿಜಾ ನಿಂತಿದ್ದಾರೆ. ಬೈಂದೂರಿನ ಕಡೆಯಿಂದ ಬರುವ ಮೊದಲ ಬಸ್ಸಿನಲ್ಲಿ ಸ್ವಾತಿ ಇಳಿಯಬೇಕು. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಇಪ್ಪತ್ತನಾಲ್ಕರ ಆ ಹುಡುಗಿಗೆ ಇಂದು ದೊಡ್ಡ ದಿನ. ಅವಳ ಕೈಕೆಲಸ ನೋಡಿ ನೌಕರಿ ಕಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸಲು ಹೊರಗಿನ ಊರಿನಿಂದ ವಿಜ್ಞಾನಿಯೊಬ್ಬರು ಬರುವವರಿದ್ದಾರೆ. ಅಷ್ಟರಲ್ಲಿ ಗಿರಿಜಾರ ಮೊಬೈಲ್ ಸದ್ದು ಮಾಡುತ್ತದೆ. ಗುಲ್ವಾಡಿಯಿಂದ ಅಮ್ಮಣ್ಣಿಯ ಕರೆ.

“ಗಿರಿಜಕ್ಕ, ಇವ್ರ್ ಹೋಯ್ಬಿಟ್ರ್. ರಾತ್ರಿ ಉಂಡ್ ಮಲ್ಗಿದವ್ರ್ ಏಳ್ಲೇ ಇಲ್ಲೆ.”

ಹೋದವರು ಅಮ್ಮಣ್ಣಿಯ ಗಂಡ ದುಗ್ಗಪ್ಪ ಮೊಗವೀರರು. ಸ್ವಾತಿಗೆ ಕೆಲಸ ಕಲಿಸಿದವರು, ಮೂರು ವರ್ಷದಿಂದ ಮೇಜಿನ ಆಚೆ ಬದಿಯಲ್ಲಿ ಕುಳಿತು ಅವಳ ಜೊತೆಗಾರರಾಗಿ ದುಡಿದವರು. ಗಿರಿಜಾ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತುಬಿಡುತ್ತಾರೆ. ಸಾವರಿಸಿಕೊಳ್ಳುವ ಮೊದಲೇ ಇನ್ನೊಂದು ಕರೆ. ಈ ಸಲ ಸ್ವಾತಿ ದುಡಿಯುವ ಕಾರ್ಯಾಗಾರದ ಯಜಮಾನರಾದ ಪ್ರೊಫೆಸರ್ ರಾಘವೇಂದ್ರ ಐತಾಳರು.

“ಸುದ್ದಿ ಸಿಕ್ತಲ್ಲ? ಸ್ವಾತಿಗೆ ಮಾತ್ರ ಸಂಜೆವರೆಗೆ ಹೇಳ್ಬೇಡಿ ಗಿರಿಜಾ. ದುಗ್ಗಪ್ಪಗೆ ಹುಷಾರಿಲ್ಲ ಅಂದುಬಿಡಿ. ಈಗ ಹೇಳಿದ್ರೆ ಆ ಹೆಣ್ಣು ಕೆಲಸಕ್ಕೆ ಕೈ ಹಾಕೋದೂ ಇಲ್ಲ. ಕೆಲಸ ಮುಗೀಲಿ, ನಾನೇ ಕಾರಲ್ಲಿ ಗುಲ್ವಾಡಿಗೆ ಕರ್ಕೊಂಡು ಹೋಗ್ತೇನೆ.”

ಐತಾಳರದ್ದು ಕೆಟ್ಟ ಮನಸ್ಸಲ್ಲ. ಕಣ್ಣಿನಲ್ಲಿ ನೀರಿಟ್ಟುಕೊಂಡೇ ಆಡಿದ ಮಾತು ಅದು. ಊರಿನ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಗಿರಿಜಾ ಮಾತ್ರ “ಕಾಂಬ ಸರ್”, ನೋಡೋಣ ಎಂದಷ್ಟೇ ಹೇಳಿ ಮೊಬೈಲನ್ನು ಚೀಲಕ್ಕೆ ಹಾಕುತ್ತಾರೆ.

ಶಂಕರನಾರಾಯಣದ ಗಿರಿಜಾರಿಗೆ ಈಗ ಐವತ್ತೆರಡು ವರ್ಷ. ಕುಂದಾಪುರದ ಒಂದು ಚಿಕ್ಕ ಸೇವಾಸಂಸ್ಥೆಯಲ್ಲಿ ಹದಿನಾರು ವರ್ಷದಿಂದ ಇದ್ದಾರೆ. ಅಂಗವೈಕಲ್ಯವುಳ್ಳವರಿಗೆ ಉದ್ಯೋಗ ಹುಡುಕಿಕೊಡುವುದು ಅವರ ಕೆಲಸ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ತಾಲೂಕುಗಳ ಮನೆಮನೆಗೆ ಬಸ್ಸಿನಲ್ಲಿ, ಬಸ್ಸಿಲ್ಲದಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಇದುವರೆಗೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಡಿಸಿದ್ದಾರೆ. ಕೊಡಿಸಿ ಕೈತೊಳೆದುಕೊಳ್ಳುವುದಿಲ್ಲ. ಮೊದಲ ಕೆಲವು ವಾರ ತಾವೂ ಹೋಗಿ ಪಕ್ಕದಲ್ಲೇ ನಿಲ್ಲುತ್ತಾರೆ. ಧಣಿಗಳಿಗೆ, ಜೊತೆಯವರಿಗೆ ನಾಲ್ಕು ಸನ್ನೆ ಕಲಿಸುತ್ತಾರೆ. ಇನ್ನು ತಾನು ಬೇಡ ಎಂದಾದಾಗ ಹೇಳದೆಯೇ ಹಿಂದೆ ಸರಿಯುತ್ತಾರೆ.

“ನಾ ಹೋದ್ ಕೂಡ್ಲೆ ಮನೆಯವ್ರ್ ಸುರು ಮಾಡ್ತ್ರ್. ಇವಂಗೆ ನಡೂಕ್ ಆತಿಲ್ಲೆ, ಅವ್ಳಿಗೆ ಕೇಂತಿಲ್ಲೆ ಅಂತ. ನಂಗ್ ಅದೆಲ್ಲ ಬ್ಯಾಡ. ಹಗ್ಲಿಡೀ ಕೈಯಗೆ ಎಂತ ಮಾಡ್ತ್ರ್, ಅದ್ ಕಾಣ್ಕ್ ನಂಗೆ” ಎನ್ನುತ್ತಾರೆ ಗಿರಿಜಾ.

ದುಗ್ಗಪ್ಪನವರನ್ನೂ ಹೀಗೆ ಕೈ ನೋಡಿಯೇ ಹಿಡಿದರು. ದೋಣಿಯ ಹಗ್ಗಕ್ಕೆ ಸಿಕ್ಕಿ ಬಲಗಾಲು ಕಳೆದುಕೊಂಡ ಮೇಲೆ ಆ ಮನುಷ್ಯ ಹತ್ತು ವರ್ಷ ಗುಲ್ವಾಡಿಯ ಹೊಳೆಬದಿಯಲ್ಲಿ ಕುಳಿತು ಊರವರ ಬಲೆ ಕಟ್ಟಿಕೊಡುತ್ತಿದ್ದರು. ಗಿರಿಜಾ ಮೊದಲ ಸಲ ಅಂಗಳಕ್ಕೆ ಕಾಲಿಟ್ಟಾಗ ತಲೆ ಎತ್ತದೆ ಕೇಳಿದ್ದರಂತೆ: “ಎಂತ ಮಾರಾಯ್ತಿ, ಕಾಲಿಲ್ಲದವ್ನಿಗೆ ತಹಶೀಲ್ದಾರ್ ಕುರ್ಚಿ ತಂದ್ಯಾ?”

“ಕುರ್ಚಿಯೇ ತಂದದ್ದ್. ಕೂತ್ಕಂಡ್ ಬಲೆ ಕಟ್ಟುದ್. ಆದ್ರೆ ಮೀನ್ ಬೀಳುದಿಲ್ಲೆ” ಎಂದರು ಗಿರಿಜಾ.

ಮೀನು ಬೀಳದ ಆ ಬಲೆ ಇರುವುದು ಹೆಮ್ಮಾಡಿಯ ಹಳೆಯ ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ. ಪರಮಾಣು ವಿಜ್ಞಾನ ಕಲಿಸಿ ನಿವೃತ್ತರಾದ ಐತಾಳರು ಅಲ್ಲೊಂದು ಕಾರ್ಯಾಗಾರ ತೆರೆದಿದ್ದಾರೆ. ಎಲ್ಲೋ ದೂರದ ನಕ್ಷತ್ರಗಳು ಸಿಡಿದಾಗ ಅವುಗಳ ಪರಮಾಣುಗಳ ತಿರುಳು ಆಕಾಶದ ತುಂಬ ಚೆಲ್ಲುತ್ತದೆ. ಅದು ನಮ್ಮ ಗಾಳಿಗೆ ಬಂದು ಬಡಿದಾಗ ಹುಟ್ಟುವ ಸೂಕ್ಷ್ಮ ಕಣಗಳು ನಮ್ಮ ಮೈಯನ್ನು ಕೂಡ ಹಾಯ್ದು ನೆಲಕ್ಕಿಳಿಯುತ್ತಲೇ ಇರುತ್ತವೆ. ಅವುಗಳನ್ನು ಹಿಡಿದು ನೋಡಲು ವಿಜ್ಞಾನಿಗಳಿಗೆ ಒಂದು ಚೌಕಟ್ಟು ಬೇಕು. ಅದರಲ್ಲಿ ಕೂದಲಿಗಿಂತ ತೆಳುವಾದ, ಚಿನ್ನದ ನೀರು ಕುಡಿದ ತಂತಿಗಳನ್ನು ಒಂದೇ ಬಿಗಿಯಲ್ಲಿ, ಒಂದೇ ಅಂತರದಲ್ಲಿ ನೂರಾರು ಸಾಲು ಎಳೆದು ಬೆಸೆದಿರಬೇಕು. ಕಣವೊಂದು ಹಾದುಹೋದರೆ ಹತ್ತಿರದ ತಂತಿಯಲ್ಲಿ ಸ್ವಲ್ಪ ವಿದ್ಯುತ್ತು ಮಿಡಿಯುತ್ತದೆ. ಒಂದು ತಂತಿ ಸಡಿಲವಾದರೆ ಇಡೀ ಚೌಕಟ್ಟು ಕೆಟ್ಟಂತೆ.

ಮೊದಲ ದಿನವೇ ದುಗ್ಗಪ್ಪ ಎಡವಟ್ಟು ಮಾಡಿದರು. ಬಲೆ ಕಟ್ಟುವವರೆಲ್ಲ ಮಾಡುವಂತೆ ಚಿನ್ನದ ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಂಜಲು ಸವರಿ ಎಳೆದರು. ಎಲೆಅಡಿಕೆಯ ಬಾಯಿ ಬೇರೆ. ಐತಾಳರು ತಲೆಯ ಮೇಲೆ ಕೈಹೊತ್ತು ಕುಳಿತರೆ ದುಗ್ಗಪ್ಪ ತಣ್ಣಗೆ, “ನಿಮ್ಗೆ ಈ ಹಲ್ಲಿನ ಮೂರನೇ ಕೈ ಬ್ಯಾಡ ಅಂದ್ರೆ ಎರಡನೇ ಜನ ಕೊಡಿ” ಎಂದರು. ಆ ಎರಡನೇ ಜನವಾಗಿ ಗಿರಿಜಾ ತಂದು ಕೂರಿಸಿದ್ದು ಸ್ವಾತಿಯನ್ನು. ಅವಳು ಬೈಂದೂರಿನ ಮನೆಯಲ್ಲಿ ಕಸೂತಿ ಹಾಕುತ್ತಿದ್ದವಳು. ಒಬ್ಬರು ತಂತಿ ಬಿಡುವುದು, ಇನ್ನೊಬ್ಬರು ಎಳೆದು ಬೆಸೆಯುವುದು. ಅವಳಿಗೆ ಕೇಳುವುದಿಲ್ಲ, ದುಗ್ಗಪ್ಪನವರಿಗೆ ಸನ್ನೆ ಬಾರದು. ಮಾತೆಲ್ಲ ಮೇಜಿನ ಮೇಲೆ ಬೆರಳು ತಟ್ಟಿ. ಹಲಗೆಯ ಅದುರು ಅವಳ ಮಣಿಕಟ್ಟಿಗೆ ತಿಳಿಯುತ್ತಿತ್ತು. ಎಷ್ಟು ತಟ್ಟಿದರೆ ಏನರ್ಥ ಎಂಬುದು ಅವರಿಬ್ಬರಿಗೇ ಗೊತ್ತು.

ಬಸ್ಸು ಬರುವವರೆಗೆ ಗಿರಿಜಾ ತಮ್ಮ ಸುಧೀರನನ್ನು ನೆನೆಯುತ್ತಾರೆ. ಅವನಿಗೂ ಕಿವಿ ಕೇಳದು. ಅಪ್ಪ ತೀರಿಕೊಂಡ ದಿನ ಹುಡುಗ ಗಾಬರಿಯಾದಾನೆಂದು ಹಿರಿಯರು ಅವನನ್ನು ಆಚೆಮನೆಗೆ ಕಳಿಸಿ, ಉಣ್ಣಿಸಿ, ಮಲಗಿಸಿದ್ದರು. ಮಾರನೆಯ ದಿನ ಬಂದು ನೋಡಿದರೆ ಮಂಚ ಖಾಲಿ. ಅಪ್ಪ ಎಲ್ಲಿ ಎಂದು ಕೈಯಾಡಿಸಿ ಕೇಳಿದ. ಯಾರೂ ಅವನ ಮುಖ ನೋಡಲಿಲ್ಲ. “ಹಗೂರ ಆಯ್ಲಿ ಅಂತ ಮಾಡಿದ್ದ್ ಅದ್. ಅವಂಗೆ ಜನ್ಮ ಇಡೀ ಭಾರ ಆಯ್ತ್” ಎನ್ನುತ್ತಾರೆ ಗಿರಿಜಾ. ಅದಾದ ಮೇಲೆ ಅವರು ಸನ್ನೆಭಾಷೆ ಕಲಿತರು. ಸುಧೀರ ಇಂದು ಬ್ರಹ್ಮಾವರದ ಮುದ್ರಣಾಲಯವೊಂದರಲ್ಲಿ ಪುಸ್ತಕ ಕಟ್ಟುತ್ತಾನೆ. ಅಕ್ಕ ಕೊಡಿಸಿದ ಮೊದಲ ಕೆಲಸ ಅದೇ.

ಸ್ವಾತಿ ಬಸ್ಸಿನಿಂದ ನಗುತ್ತಲೇ ಇಳಿಯುತ್ತಾಳೆ. ಗಿರಿಜಾ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎದುರು ಕುಳಿತು, ಬಿಡಿಸಿ ಹೇಳುತ್ತಾರೆ. ದುಗ್ಗಪ್ಪಣ್ಣ ಇಲ್ಲ. ನಿದ್ದೆಯಲ್ಲೇ ಹೋದರು. ನೋವಾಗಿಲ್ಲ. ಇವತ್ತು ವಿಜ್ಞಾನಿ ಬರುತ್ತಾರೆ, ಸಂಜೆ ಹೊರಟುಬಿಡುತ್ತಾರೆ. ಮೊದಲು ಎಲ್ಲಿಗೆ ಎಂಬುದು ನಿನಗೆ ಬಿಟ್ಟದ್ದು.

ಹುಡುಗಿ ಗಿರಿಜಾರ ಕೈ ಹಿಡಿದು ಅಳುತ್ತಾಳೆ. ಆಮೇಲೆ ಕಣ್ಣೊರೆಸಿಕೊಂಡು ಸನ್ನೆ ಮಾಡುತ್ತಾಳೆ: ಗುಲ್ವಾಡಿಗೆ. ವಿಜ್ಞಾನಿಗೆ ಕಾಯಲು ಹೇಳಿ.

ಕಾಯುವರೋ ಇಲ್ಲವೋ ಗಿರಿಜಾರಿಗೂ ಗೊತ್ತಿಲ್ಲ. ಐತಾಳರಿಗೊಂದು ಸಂದೇಶ ಕಳಿಸಿ, ರಿಕ್ಷಾ ಹಿಡಿದು ಇಬ್ಬರೂ ಹೋಗುತ್ತಾರೆ. ಮೊಗವೀರರ ಮನೆಯಲ್ಲಿ ಜನ ಕೂಡಿದ್ದಾರೆ. ಸ್ವಾತಿ ದುಗ್ಗಪ್ಪನವರ ಪಾದ ಮುಟ್ಟಿ, ಬಾಯಿಗೆ ತುಳಸಿನೀರು ಬಿಟ್ಟು, ಅಮ್ಮಣ್ಣಿಯ ಪಕ್ಕ ಗೋಡೆಗೊರಗಿ ಕೂರುತ್ತಾಳೆ. ಅಮ್ಮಣ್ಣಿಯೇ ಸ್ವಲ್ಪ ಹೊತ್ತಿನ ಮೇಲೆ ಗಿರಿಜಾರ ಸೆರಗು ಎಳೆದು ಹೇಳುತ್ತಾರೆ: “ಹೆಣ್ಣನ್ನ್ ಕರ್ಕಂಡ್ ಹೋಯ್ನಿ ಗಿರಿಜಕ್ಕ. ನಾಳೆ ಇವ್ಳದ್ದ್ ಪರೀಕ್ಷೆ ಅಂತ ನಿನ್ನೆ ರಾತ್ರಿ ಗಂಜಿ ಉಂಬತಿಗೂ ಅದೇ ಮಾತ್ ಇವ್ರದ್ದ್.”

ಹತ್ತಿರದ ಪರಿಚಯದವರ ಮನೆಯಲ್ಲಿ ತಲೆಗೆ ಸ್ನಾನ ಮಾಡಿ ಹೆಮ್ಮಾಡಿಗೆ ಮರಳುವಾಗ ಮಧ್ಯಾಹ್ನ ಕಳೆದಿದೆ. ವಿಜ್ಞಾನಿ ಅಮಿತಾ ಹೋಗಿಲ್ಲ. ಐತಾಳರ ಮುಖ ಗಂಟಿಕ್ಕಿದೆ. “ಹೇಳಿಯೇಬಿಟ್ರಿ” ಎಂದಷ್ಟೇ ಅನ್ನುತ್ತಾರೆ. ಬೆಳಿಗ್ಗೆ ಯಾರಿಗೂ ಹೊಳೆಯದಿದ್ದ ತೊಂದರೆಯೆಂದರೆ ಈಗ ಸ್ವಾತಿಗೆ ತಂತಿ ಬಿಡುವವರಿಲ್ಲ. ಅವಳು ಸುತ್ತ ನೋಡಿ ಗಿರಿಜಾರನ್ನು ಬೆರಳು ಮಾಡಿ ಕರೆದು ಎದುರಿನ ಕುರ್ಚಿ ತೋರಿಸುತ್ತಾಳೆ.

“ನಂಗ್ ಬಪ್ಪುದಿಲ್ಲೆ ಮಾರಾಯ್ತಿ” ಎಂದು ಬಾಯಲ್ಲೂ ಕೈಯಲ್ಲೂ ಹೇಳಿಕೊಂಡೇ ಗಿರಿಜಾ ಶೆಡ್ಡಿನ ಟೊಪ್ಪಿ, ಕೈಗವಸು ಹಾಕಿಕೊಂಡು ಕೂರುತ್ತಾರೆ. ಹದಿನಾರು ವರ್ಷ ಬೇರೆಯವರಿಗೆ ಕೆಲಸ ಕೊಡಿಸಿದವರು ಈಗ ತಾವೇ ಹೊಸ ಕೆಲಸಗಾರ್ತಿ. ಸ್ವಾತಿ ಮೇಜು ತಟ್ಟುತ್ತಾಳೆ. ಇವರಿಗೆ ಆ ಲೆಕ್ಕ ತಿಳಿಯದು. ನಿಲ್ಲಿಸಬೇಕಾದಲ್ಲಿ ಬಿಡುತ್ತಾರೆ, ಬಿಡಬೇಕಾದಲ್ಲಿ ಹಿಡಿಯುತ್ತಾರೆ. ತಂತಿ ಪಟ್ಟನೆ ಹರಿಯುತ್ತದೆ. ಸ್ವಾತಿ ಅವರ ಮಣಿಕಟ್ಟಿಗೊಂದು ಪೆಟ್ಟು ಕೊಟ್ಟು, ಅಷ್ಟು ದುಃಖದಲ್ಲೂ ನಕ್ಕುಬಿಡುತ್ತಾಳೆ. ಆಮೇಲೆ ಹರಿದ ತಂತಿಯನ್ನು ಅಕ್ಕಪಕ್ಕದ ಸಾಲಿಗೆ ತಾಗದಂತೆ ಬುಡದಿಂದ ಬಿಡಿಸಿ ತೆಗೆದು, ಬೆಸುಗೆಯನ್ನು ಕೆರೆದು ಹಸನು ಮಾಡಿ, ಒಂದೊಂದು ತಟ್ಟಿಗೂ ಏನರ್ಥವೆಂದು ಗಿರಿಜಾರಿಗೆ ಸಾವಧಾನವಾಗಿ ಕಲಿಸಿ, ಮತ್ತೆ ಮೊದಲಿನಿಂದ ಎಳೆಯುತ್ತಾಳೆ. ಕತ್ತಲಾಗುವಷ್ಟರಲ್ಲಿ ಸಾಲು ಪೂರ್ತಿಯಾಗುತ್ತದೆ.

ಅಮಿತಾ ಯಂತ್ರವಿಟ್ಟು ಬಿಗಿ ಪರೀಕ್ಷಿಸುತ್ತಾರೆ. “ಚೆನ್ನಾಗಿ ಎಳೆಯುವವರು ಸಿಗ್ತಾರೆ. ಹರಿದ ಮೇಲೆ ಕಂಗೆಡದೆ ಸರಿಮಾಡಿ, ಹೊಸಬರಿಗೆ ಕಲಿಸಿಯೂ ಮುಗಿಸುವವರು ಬೇಕಿತ್ತು. ಈ ಮೇಜು ಇನ್ನು ಸ್ವಾತಿಯದ್ದು” ಎನ್ನುತ್ತಾರೆ. ಗಿರಿಜಾ ಅದನ್ನು ಅಕ್ಷರ ಬಿಡದೆ ಸನ್ನೆಯಲ್ಲಿ ಹೇಳುತ್ತಾರೆ. ಗಿರಿಜಾರ ಹರಕು ಕೈಯನ್ನೂ ಸೇರಿಸಿ ಹೊಗಳಿದಂತಾಯಿತು ಎಂದು ಐತಾಳರು ಕೆಣಕುತ್ತಾರೆ. ಅವರ ಗಂಟುಮುಖ ಆಗ ಸಡಿಲವಾಗಿದೆ.

ಇದಾಗಿ ಕೆಲವು ತಿಂಗಳಾಗಿವೆ. ಸ್ವಾತಿಯ ಎದುರು ಈಗ ಹೊಸ ಜೊತೆಗಾರ್ತಿ ಇದ್ದಾಳೆ. ಆ ಚೌಕಟ್ಟು ಗುಡ್ಡವೊಂದರ ಮೇಲಿನ ಸಂಶೋಧನಾ ಕೇಂದ್ರ ಸೇರಿದೆ. ಐತಾಳರು ಈಗ ಏನೇ ಸುದ್ದಿಯಿದ್ದರೂ ಚೀಟಿಯಲ್ಲಿ ಬರೆದು ಮೊದಲು ಸ್ವಾತಿಗೆ ತೋರಿಸುತ್ತಾರೆ. ಗಿರಿಜಾ ಹೆಮ್ಮಾಡಿಗೆ ಬರುವುದು ಕಡಿಮೆಯಾಗಿದೆ. ಬಸ್ರೂರು ಕಡೆ ಕಣ್ಣು ಕಾಣದ ಒಬ್ಬ ತರುಣನಿಗೆ ಕೆಲಸ ಹುಡುಕುತ್ತಿದ್ದಾರೆ. ಅಂದು ಸ್ವಾತಿಯ ಕೆಲಸ ತಪ್ಪಿದ್ದರೆ ಎಂದು ಕೇಳಿದರೆ ಗಿರಿಜಾ ಹೇಳುವುದಿಷ್ಟು:

“ಕೆಲಸ ತಪ್ಪಿದ್ರೆ ಮತ್ತೊಂದ್ ಹುಡ್ಕೂಲಕ್ಕ್. ದುಗ್ಗಪ್ಪಣ್ಣನ ಮುಖ ಕಾಂಬುದ್ ತಪ್ಪಿದ್ರೆ ನಾ ಎಲ್ಲಿಂದ ತಂದ್ ಕೊಡುದ್?”

ಪ್ರತಿ ಸಂಕ್ರಮಣದ ದಿನ ಅವರು ತಮ್ಮೂರ ದೇವಸ್ಥಾನದಲ್ಲಿ ದುಗ್ಗಪ್ಪನವರ ಹೆಸರಿನಲ್ಲಿ ಒಂದು ದೀಪ ಹಚ್ಚಿಸುತ್ತಾರೆ. ಬಿಡುವಿದ್ದರೆ ಸ್ವಾತಿಯೂ ಬಂದು ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಾಳೆ. ಒಬ್ಬರದ್ದು ತುಟಿಯ ಮೇಲಿನ ಪ್ರಾರ್ಥನೆ, ಇನ್ನೊಬ್ಬಳದ್ದು ಬೆರಳ ತುದಿಯದ್ದು. ಎರಡನ್ನೂ ಕೇಳಬಲ್ಲ ಶಂಕರನಾರಾಯಣ ಸ್ವಾಮಿ ಆ ದುಡಿದ ಜೀವವನ್ನು ತನ್ನ ಪಾದದ ತಣ್ಣೆಳಲಿನಲ್ಲಿ ಇರಿಸಿಕೊಳ್ಳಲಿ. ದುಗ್ಗಪ್ಪನವರಿಗೆ ಶಾಂತಿ ದೊರೆಯಲಿ.