ದೇವರ ಬಲಕ್ಕೆ ಬಿಲ್ವ, ಎಡಕ್ಕೆ ತುಳಸಿ

ಹರಿಹರದ ಹೊಳೆದಂಡೆಯ ಓಣಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಹರಿಹರೇಶ್ವರನ ಗುಡಿಗೆ ಬೆನ್ನು ಹಾಕಿ, ಮೂಡಣಕ್ಕೆ ಮುಖ ಮಾಡಿ ಇಬ್ಬರು ಹೆಂಗಸರು ಜಗುಲಿಯ ಮೇಲೆ ಕೂತಿದ್ದಾರೆ. ಸೊಸೆ ಸರೋಜಾಳ ಬಲಗಡೆ ಬಿಲ್ವಪತ್ರೆಯ ಬುಟ್ಟಿ, ಎಡಗಡೆ ತುಳಸಿಯದು, ಮಡಿಲಲ್ಲಿ ನೆನೆಸಿದ ಬಾಳೆನಾರು. ಅತ್ತೆ ಹೊನ್ನಕ್ಕನ ಬಲಗಣ್ಣಿಗೆ ಬಿಳಿ ಪಟ್ಟಿ. ಎಂದೂ ಸುಮ್ಮನಿರದ ಅವರ ಕೈಗಳು ಇವತ್ತು ಸೆರಗಿನ ತುದಿಯನ್ನೇ ಗಂಟು ಹಾಕುತ್ತವೆ, ಬಿಚ್ಚುತ್ತವೆ.

ಇಲ್ಲಿಯ ದೇವರು ತನ್ನ ಬಲಭಾಗದಲ್ಲಿ ಹರ, ಎಡಭಾಗದಲ್ಲಿ ಹರಿ. ಹಾಗಾಗಿ ಬೆಳಗಿನ ಹಾರವೂ ಅರ್ಧ ಬಿಲ್ವ, ಅರ್ಧ ತುಳಸಿ. ಐವತ್ತನಾಲ್ಕು ಬಿಲ್ವದೆಲೆ, ಐವತ್ತನಾಲ್ಕು ತುಳಸಿ ಕುಡಿ. ಎರಡೂ ಕೂಡುವ ಗಂಟು ದೇವರ ಮೈಮೇಲೆ ನಟ್ಟನಡುವೆ ಬೀಳಬೇಕು. ನಲವತ್ತೆರಡು ವರ್ಷದಿಂದ ಆ ಗಂಟು ಹೊನ್ನಕ್ಕನದು. ಹಾರಕ್ಕೆ ಕೈಮುಗಿಯುವವರು ಸಾವಿರ, ಕಟ್ಟಿದ್ದು ಯಾರೆಂದು ಕೇಳಿದವರು ಎಷ್ಟು? ಇದನ್ನು ಬರೆದುಕೊಳ್ಳಲು ಪಕ್ಕದ ದಾವಣಗೆರೆಯಿಂದ ಇಲ್ಲಿಗೆ ಬರಲು ನನಗೇ ಐವತ್ತು ವರ್ಷ ಬೇಕಾಯಿತು, ಇನ್ನೊಬ್ಬರನ್ನು ಏನು ಬೈಯಲಿ!

ನಿನ್ನೆ ಮಧ್ಯಾಹ್ನ ಹೊನ್ನಕ್ಕನಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಎಡಗಣ್ಣು ಮೊದಲೇ ಮಬ್ಬು. ಹದಿನೈದು ದಿನ ಬಗ್ಗುವಂತಿಲ್ಲ. ಮಾರ್ಕೆಟ್ಟಿನ ಸೇವಂತಿಗೆ ಹಾರ ತರಿಸಿ ಅಂದರಂತೆ ಓಣಿಯವರು.

“ನಮ್ಮತ್ತಿ ಹಾಸಿಗಿ ಹಿಡಿದಾಗ ನನ್ನ ಕೈಗೆ ನಾರು ಕೊಟ್ಳು. ಅದನ್ನ ನಾನು ಮಾರ್ಕೆಟ್ಟಿಗೆ ಕೊಡ್ಲೇನ್ರಿ?” ಅನ್ನುತ್ತಾರೆ ಹೊನ್ನಕ್ಕ.

ಕೊಟ್ಟಿದ್ದು ಸೊಸೆಗೆ. ಸ್ಟೇಷನ್ ಹತ್ತಿರ ಬ್ಲೌಸ್ ಹೊಲಿಯುವ ಸರೋಜಾ ಒಬ್ಬಳೇ ಹಾರ ಕಟ್ಟುತ್ತಿರುವುದು ಇದೇ ಮೊದಲು. “ಬ್ಲೌಸ್ ತಪ್ಪಿದ್ರೆ ಬಿಚ್ಚಿ ಹೊಲೀಬೋದ್ರಿ. ಮಂಗಳಾರತಿ ಕಾಯ್ತೈತೇನು?” ಅನ್ನುತ್ತಾ ಅವಳು ಇನ್ನೊಂದು ಎಲೆಗೆ ನಾರು ಸುತ್ತುತ್ತಾಳೆ.

“ಅಲ್ಲಮ್ಮಾ, ದೇವರಿಗೇ ಬೆನ್ನು ಹಾಕಿ ಕೂರೋದೇ?” ಎಂದು ಕೇಳಿಬಿಟ್ಟೆ.

ಹೊನ್ನಕ್ಕ ನಕ್ಕರು. “ಆ ಪಾಠ ಅತ್ಕೊಂಡು ಕಲ್ತೀನ್ರಿ.”

ಒಬ್ಬರೇ ಕಟ್ಟಿದ ಮೊದಲ ದಿನ ಅವರು ಗುಡಿಯ ಕಡೆಗೇ ಮುಖ ಮಾಡಿ ಕೂತಿದ್ದರಂತೆ. ಎಲೆಯ ಅಂದ ಕಾಣಲೆಂದು ಅದರ ಮುಖ ತನ್ನತ್ತ ಇಟ್ಟು, ಬಲಗೈ ಕಡೆ ಬಿಲ್ವ ಕಟ್ಟಿದರು. ದೇವರಿಗೆ ಏರಿಸಿ ನೋಡಿದರೆ ಹರಿಗೆ ಬಿಲ್ವ, ಹರನಿಗೆ ತುಳಸಿ! “ತಿರುವಿ ಹಾಕಾನ ಅಂದ್ರೆ ಎಲಿ ಒಳಗ, ನಾರು ಹೊರಗ. ಕಂಬದ ಬುಡಕ್ಕೆ ಕುಂತು ಎಲ್ಲಾ ಬಿಚ್ಚಿ ಕಟ್ಟಿದೆ. ಜನ ಕಾದು ನಿಂತಿತ್ತು. ನಾಚಿಕಿಗೆ ಹೊಳಿಗೆ ಹಾರ್ಲೇನು ಅನ್ನಿಸ್ತು.” ಸಂಜೆ ಅತ್ತೆ ಮಲಗಿದಲ್ಲಿಂದಲೇ ಹೇಳಿದರಂತೆ: “ದೇವರ ಬಲ ನಮಗೆ ಎಡ ಆಗ್ತೈತವ್ವ. ಅವನು ಮುಖ ಮಾಡಿದ ಕಡೆಗೇ ಮುಖ ಮಾಡಿ ಕುಂತು ಕಟ್ಟು.”

ಗುಡಿಯ ದೇವರಿಗೆ ಮೂಡಣದ ಮುಖ. ಮಾರನೇ ದಿನದಿಂದ ಹೊನ್ನಕ್ಕನಿಗೂ ಅದೇ ದಿಕ್ಕು. ಎಲೆಯ ಮುಖ ಆಚೆಗೆ, ನಾರಿನ ಗಂಟು ತನ್ನ ಕಡೆಗೆ. “ಅವತ್ತಿಂದ ನನಗೆ ಕಾಣಿಸೋದು ಬರೀ ಹಾರದ ಬೆನ್ನು. ಅಂದಚೆಂದ ಎಲ್ಲಾ ನಿಮ್ಮಂಥೋರಿಗ್ರಿ.”

ಅಷ್ಟರಲ್ಲಿ ಎಲೆಯ ಸರಪರ ಸದ್ದು ಅವರ ಕಿವಿಗೆ ಬಿತ್ತು. “ತಿರುವಬ್ಯಾಡ!”

“ಚೆಂದ ಬಂದೈತಾ ನೋಡಾನ ಅಂತ ಅತ್ತಿ...”

“ಚೆಂದ ಗುಡಿಯಾಗ ನೋಡೀಯಂತೆ. ಮುಖಕ್ಕೆ ಬಿಸಿಲು ಬಿತ್ತೇನು?”

“ಬಿತ್ತು ಅತ್ತಿ.”

“ಹಂಗಾರೆ ಕಟ್ಟು, ತಪ್ಪಾಗಲ್ಲ.”

ಗುಡಿಯಲ್ಲಿ ಅರ್ಚಕರು ಹಾರ ಎತ್ತಿ ಏರಿಸುತ್ತಾರೆ. ಸರೋಜಾ ಕಣ್ಣು ಮುಚ್ಚಿಕೊಂಡಿದ್ದಾಳೆ. ಕಂಬಕ್ಕೆ ಆತುಕೊಂಡ ಹೊನ್ನಕ್ಕ ನನ್ನ ಅಂಗಿಯ ತೋಳು ಹಿಡಿದು ಕೇಳುತ್ತಾರೆ: “ಗಂಟು ಎಲ್ಲೈತ್ರಿ?”

“ನಟ್ಟನಡುವೆ. ಎಡಕ್ಕೆ ಬಿಲ್ವ, ಬಲಕ್ಕೆ ತುಳಸಿ.”

“ಅಯ್ಯೋ ಶಿವನೇ!” ಅಂದಳು ಸರೋಜಾ, ಕಣ್ಣು ಮುಚ್ಚಿಕೊಂಡೇ.

ಹೊನ್ನಕ್ಕ ಮಾತ್ರ ಗೊಳ್ಳೆಂದು ನಕ್ಕರು. “ಅದು ಎದುರಿಗೆ ನಿಂತ ಇವರ ಎಡ ಕಣೇ ಹುಚ್ಚಿ, ದೇವರದ್ದಲ್ಲ. ಕಣ್ಣು ಬಿಡು.” ಕಣ್ಣು ಬಿಟ್ಟ ಸೊಸೆ ನೋಡುತ್ತಾ ನಿಂತುಬಿಟ್ಟಳು. ಹೊನ್ನಕ್ಕ ಅವಳ ಬೆನ್ನು ತಡವಿದರು.

“ಬರಕೊಳ್ರಿ,” ಅಂದರು ನನ್ನ ಕಡೆ ತಿರುಗಿ. “ಊರವರೆಲ್ಲಾ ದೇವರನ್ನ ನೋಡ್ತಾರೆ. ನಾವು ಅತ್ತಿ-ಸೊಸಿ ದಿನಾ ಮುಂಜಾನಿ ದೇವರು ನೋಡೋ ಕಡೆಗೆ ನೋಡ್ತೀವಿ.”